ಬ್ಯಾಡಗಿ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್: ನಾಲ್ಕು ಚೇಂಬರಿನ ತಾಪಮಾನವನ್ನು ಫೋನಿಗೆ ತಲುಪಿಸಿದ ಕೆಲಸದ ದಾಖಲೆ

ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ ಮಾಡಿದ ಕೆಲಸ ಇದು. ನಾಲ್ಕು ಚೇಂಬರ್, ಅಮೋನಿಯಾದಿಂದ ತಂಪು ಮಾಡುವ ಪ್ಲಾಂಟ್, ಗೋಣಿಚೀಲದಲ್ಲಿ ಒಣ ಮೆಣಸಿನಕಾಯಿ. ಒಳಗೆ 6 ಡಿಗ್ರಿ ಸೆಲ್ಸಿಯಸ್ ಆಸುಪಾಸು, ತೇವಾಂಶ ಶೇ 60ರಿಂದ 65 ಇರಬೇಕು. ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಬಣ್ಣದಿಂದ. ಶಾಖ ಏರಿದರೆ ಬಣ್ಣ ಇಳಿಯುತ್ತದೆ, ತೇವ ಏರಿದರೆ ಬೂಷ್ಟು ಹಿಡಿಯುತ್ತದೆ. ಇಲ್ಲಿಯವರೆಗೆ ಆಪರೇಟರ್ ಗಂಟೆಗೊಮ್ಮೆ ಮೀಟರ್ ನೋಡಿ ಲಾಗ್ ಬುಕ್ಕಿನಲ್ಲಿ ಬರೆಯುತ್ತಿದ್ದರು. ಏಪ್ರಿಲ್, ಮೇ ತಿಂಗಳ ರಾತ್ರಿ ಕರೆಂಟ್ ಹೋಗಿ ಜನರೇಟರ್ ಹಿಡಿಯದಿದ್ದರೆ ಮಾಲೀಕರಿಗೆ ತಿಳಿಯುವುದು ಬೆಳಿಗ್ಗೆ.

ಕೇಳಿದ್ದು ಇಷ್ಟೇ: ನಿಮಿಷಕ್ಕೊಮ್ಮೆ ಓದಿದ ತಾಪಮಾನ ಫೋನಿನಲ್ಲಿ ಕಾಣಬೇಕು, ಮೀರಿದರೆ ಎಚ್ಚರಿಕೆ ಬರಬೇಕು. ಸಂಖ್ಯೆಯನ್ನು ಫೋನಿಗೆ ತಲುಪಿಸುವುದು ಈಗ ಕಷ್ಟದ ಕೆಲಸವಲ್ಲ. ತಲುಪಿದ ಸಂಖ್ಯೆ ನಿಜವೇ, ಈಗಿನದೇ ಎಂದು ಖಾತ್ರಿ ಮಾಡುವುದರಲ್ಲೇ ಕೆಲಸದ ಮುಕ್ಕಾಲು ಪಾಲು ಹೋಗುತ್ತದೆ. ಪರದೆ ಖಾಲಿ ಇದ್ದರೆ ಯಾರಾದರೂ ಎದ್ದು ಹೋಗಿ ನೋಡುತ್ತಾರೆ. ತಪ್ಪಾಗಿ 6.1 ಎಂದು ತೋರಿಸುತ್ತಿದ್ದರೆ ಯಾರೂ ಏಳುವುದಿಲ್ಲ.

ಸಾಮಾನು ಮತ್ತು ಖರ್ಚು (ದರಗಳು ಸುಮಾರು, ಜಿಎಸ್‌ಟಿ ಬೇರೆ)

ಪಿಟಿ-100 ಸೆನ್ಸರ್ (ಬಿಸಿಯಾದಂತೆ ವಿದ್ಯುತ್ ಪ್ರತಿರೋಧ ಏರುವ ಪ್ಲಾಟಿನಂ ಸೆನ್ಸರ್), ಮೂರು ತಂತಿಯದು, ಕ್ಲಾಸ್ ಎ, 6 ಮಿ.ಮೀ. ದಪ್ಪ 150 ಮಿ.ಮೀ. ಉದ್ದದ ಎಸ್‌ಎಸ್ 316 ಕೊಳವೆ: 8, ತಲಾ 900 ರೂ.
ಎಂಟು ಚಾನೆಲ್ ಸ್ಕ್ಯಾನರ್ (ಎಂಟು ಸೆನ್ಸರನ್ನು ಓದಿ ತೋರಿಸುವ ಮೀಟರ್), ಆರ್‌ಎಸ್-485 (ಜೋಡಿ ತಂತಿಯಲ್ಲಿ ಡೇಟಾ ಸಾಗಿಸುವ ಪದ್ಧತಿ) ಮತ್ತು ಎರಡು ರಿಲೇ (ತಾನೇ ಹಾಕಿ ತೆಗೆಯುವ ಸ್ವಿಚ್) ಸಹಿತ: 8,500 ರೂ.
ತೇವಾಂಶ ಟ್ರಾನ್ಸ್‌ಮಿಟರ್, ಆರ್‌ಎಸ್-485: 4, ತಲಾ 3,500 ರೂ.
4ಜಿ ಗೇಟ್‌ವೇ (ಓದಿದ ಸಂಖ್ಯೆಯನ್ನು ಮೊಬೈಲ್ ಜಾಲದ ಮೂಲಕ ಹೊರಗೆ ಕಳಿಸುವ ಸಾಧನ), ಐಸೊಲೇಟೆಡ್ 485 ಪೋರ್ಟ್, ಎರಡು ಡಿಜಿಟಲ್ ಇನ್‌ಪುಟ್, ಮೆಮೊರಿ ಕಾರ್ಡ್: 13,000 ರೂ.
ಮೂರು ಕೋರ್ ಶೀಲ್ಡೆಡ್ ಕೇಬಲ್, 0.5 ಚ.ಮಿ.ಮೀ., ತವರ ಲೇಪಿತ ತಾಮ್ರ: 260 ಮೀಟರ್, 10,400 ರೂ.
ಎರಡು ಕೋರ್ ತಿರುಚಿದ ಜೋಡಿ, ಶೀಲ್ಡೆಡ್: 180 ಮೀಟರ್, 8,100 ರೂ.
24 ವೋಲ್ಟ್ ಎಸ್‌ಎಂಪಿಎಸ್ (ಎಸಿಯನ್ನು ಡಿಸಿ ಮಾಡುವ ಸಾಧನ), ಡಿಸಿ ಯುಪಿಎಸ್ ಮಾಡ್ಯೂಲ್, 12 ವೋಲ್ಟ್ 7 ಎಎಚ್ ಬ್ಯಾಟರಿ ಎರಡು: 8,000 ರೂ.
ಧೂಳು, ನೀರು ಹೋಗದ ಐಪಿ-65 ಪೆಟ್ಟಿಗೆಗಳು, ಗ್ಲ್ಯಾಂಡ್ (ಕೇಬಲ್ ಒಳಬರುವ ತೂತಿನ ಬಿಗಿ ಬಿರಡೆ), ಸರ್ಜ್ ಅರೆಸ್ಟರ್ (ಸಿಡಿಲಿನ ವೋಲ್ಟೇಜ್ ತಡೆಯುವ ಸಾಧನ), ಆಂಟೆನಾ, ಸಣ್ಣಪುಟ್ಟ: 9,000 ರೂ.

ಒಟ್ಟು 78 ಸಾವಿರದ ಹತ್ತಿರ. ಕೂಲಿ ಸೇರಿಲ್ಲ.

ಹಂತ 1: ಸೆನ್ಸರ್

ಚೇಂಬರಿಗೆ ಎರಡು: ಒಂದು ಮೇಲಿನ ಅಟ್ಟದ ಮಟ್ಟದಲ್ಲಿ, ಇನ್ನೊಂದು ಬಾಗಿಲಿನಿಂದ ದೂರದ ಮೂಲೆಯಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರಕ್ಕೆ. ಕೂಲಿಂಗ್ ಕಾಯಿಲ್‌ನ ಗಾಳಿ ನೇರ ಬಡಿಯುವ ಕಡೆ ಹಾಕಬಾರದು. ಅಲ್ಲಿ ಸೆನ್ಸರ್ ತೋರಿಸುವುದು ಕಾಯಿಲ್‌ನ ಕಥೆ, ಚೀಲದ್ದಲ್ಲ.

ಹಳೆಯ ಎರಡು ಕೋರ್ ಕೇಬಲ್ ಚೇಂಬರಿನಲ್ಲಿ ಮೊದಲೇ ಇತ್ತು. ಅದನ್ನೇ ಬಳಸಿ ನೋಡಿದರೆ 6 ಡಿಗ್ರಿ ಕೋಣೆ 13 ಡಿಗ್ರಿ ತೋರಿಸಿತು. ಲೆಕ್ಕ ಸರಳ. 0.5 ಚ.ಮಿ.ಮೀ. ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.038 ಓಮ್. 35 ಮೀಟರ್ ಹೋಗಿ ಬರುವುದು 70 ಮೀಟರ್, ಅಂದರೆ 2.7 ಓಮ್. ಪಿಟಿ-100ಗೆ ಒಂದು ಡಿಗ್ರಿ ಎಂದರೆ 0.39 ಓಮ್. ಹಾಗಾಗಿ 7 ಡಿಗ್ರಿ ತಪ್ಪು. ಸ್ಕ್ಯಾನರಿನಲ್ಲಿ ಆಫ್‌ಸೆಟ್ ಹಾಕಿ 7 ಕಳೆಯಬಹುದಲ್ಲ ಎಂಬ ಸಲಹೆ ಬಂದೇ ಬರುತ್ತದೆ. ಬೇಡ. ತಂತಿಯ ಪ್ರತಿರೋಧ ಋತುವಿನ ಜೊತೆ ಬದಲಾಗುತ್ತದೆ, ಟರ್ಮಿನಲ್ ತುಕ್ಕು ಹಿಡಿದಂತೆ ಏರುತ್ತದೆ. ಹಳೆಯ ಕೇಬಲ್ ಕಿತ್ತು ಎಂಟಕ್ಕೂ ಮೂರು ಕೋರ್ ಎಳೆಯಲಾಯಿತು.

ಮೂರು ತಂತಿ ಹಾಕಿದ ಮೇಲೂ ಒಂದು ಷರತ್ತು ಉಳಿಯುತ್ತದೆ: ಮೂರೂ ತಂತಿಯ ಪ್ರತಿರೋಧ ಸಮನಾಗಿದ್ದರೆ ಮಾತ್ರ ಸ್ಕ್ಯಾನರ್, ಮೂರನೇ ತಂತಿಯ ನೆರವಿನಿಂದ, ತಂತಿಯ ಪ್ರತಿರೋಧವನ್ನು ಸರಿಯಾಗಿ ಕಳೆಯುತ್ತದೆ. ಒಂದು ಸ್ಕ್ರೂ ಸಡಿಲವಾಗಿ 0.4 ಓಮ್ ಹೆಚ್ಚಿದರೆ ಒಂದು ಡಿಗ್ರಿ ಹೋಯಿತು. ಎಳೆ ತಂತಿಯನ್ನು ಹಾಗೇ ಸ್ಕ್ರೂ ಕೆಳಗೆ ತುರುಕದೆ ಪ್ರತಿ ತುದಿಗೂ ಫೆರುಲ್ (ಸಣ್ಣ ಲೋಹದ ಕೊಳವೆ) ಕ್ರಿಂಪ್ ಮಾಡಬೇಕು.

ಗೋಡೆಗೆ ಹಾಕುವ ಮುನ್ನ ಎಲ್ಲ ಸೆನ್ಸರಿಗೂ ಐಸ್ ಪರೀಕ್ಷೆ. ಥರ್ಮಾಸ್ ಫ್ಲಾಸ್ಕಿನಲ್ಲಿ ಪುಡಿ ಮಾಡಿದ ಐಸ್ ತುಂಬಿ, ಸಂದು ತುಂಬುವಷ್ಟು ಮಾತ್ರ ನೀರು. ಕೊಳವೆ ಕನಿಷ್ಠ 100 ಮಿ.ಮೀ. ಮುಳುಗಿರಬೇಕು. ಹತ್ತು ನಿಮಿಷ ಬಿಟ್ಟು ಓದುವುದು. ಕ್ಲಾಸ್ ಎ ಸೆನ್ಸರಿಗೆ 0 ಡಿಗ್ರಿಯಲ್ಲಿ 0.15 ಡಿಗ್ರಿವರೆಗೆ ವ್ಯತ್ಯಾಸಕ್ಕೆ ಅವಕಾಶವಿದೆ. ಸ್ಕ್ಯಾನರಿನ ತಪ್ಪೂ ಸೇರುವುದರಿಂದ 0.3ರ ಒಳಗೆ ಬಂದದ್ದನ್ನು ಸರಿ ಎಂದು ತೆಗೆದುಕೊಂಡು, ಪ್ರತಿಯೊಂದರ ಸಂಖ್ಯೆಯನ್ನು ಪೆಟ್ಟಿಗೆಯ ಬಾಗಿಲ ಒಳಗೆ ಅಂಟಿಸಲಾಗಿದೆ. ಮುಂದಿನ ವರ್ಷ ಹೋಲಿಸಲು ಆ ಚೀಟಿ ಬೇಕು.

ಹಂತ 2: ಗೋಡೆಯ ತೂತು

ಚಿಕ್ಕದಾಗಿ ಕಾಣುವ ಈ ಹಂತದಲ್ಲೇ ಅತಿ ಅಪಾಯದ ದೋಷ ಬಂತು. ಶಾಖ ತಡೆಯುವ ಫೋಮ್ ತುಂಬಿದ ಪಫ್ ಪ್ಯಾನೆಲ್ ಗೋಡೆಯಲ್ಲಿ ತೂತು ಕೊರೆದು ಪೈಪ್ ಹಾಕಿ ಕೇಬಲ್ ತಂದರೆ, ಆ ಪೈಪಿನೊಳಗೆ ಹೊರಗಿನ ಬೆಚ್ಚನೆಯ ಒದ್ದೆ ಗಾಳಿ ಒಳಗೆ ನುಗ್ಗುತ್ತದೆ, ತಣ್ಣಗಾಗಿ ನೀರಾಗುತ್ತದೆ. ನೀರು ಇಳಿದು ನಿಂತದ್ದು ಚೇಂಬರಿನೊಳಗಿದ್ದ ಜಂಕ್ಷನ್ ಬಾಕ್ಸಿನಲ್ಲಿ.

ಟರ್ಮಿನಲ್‌ಗಳ ನಡುವೆ ತೇವ ಕೂತರೆ ಅದು ಸೆನ್ಸರಿಗೆ ಸಮಾಂತರವಾಗಿ ಕೂತ ಇನ್ನೊಂದು ಪ್ರತಿರೋಧ. 6 ಡಿಗ್ರಿಯಲ್ಲಿ ಪಿಟಿ-100 ಇರುವುದು 102.3 ಓಮ್. ಅದಕ್ಕೆ 20 ಕಿಲೊಓಮ್ ಸೋರಿಕೆ ಸೇರಿದರೆ 101.8 ಓಮ್ ಆಗುತ್ತದೆ, ಸ್ಕ್ಯಾನರ್ 4.7 ಡಿಗ್ರಿ ತೋರಿಸುತ್ತದೆ. ಗಮನಿಸಿ: ತಪ್ಪು ತಂಪಿನ ಕಡೆಗೆ. ಕೋಣೆ ಬಿಸಿಯಾಗುತ್ತಿದ್ದರೂ ಪರದೆ ತಂಪು ಎನ್ನುತ್ತದೆ, ಎಚ್ಚರಿಕೆ ತಡವಾಗುತ್ತದೆ. ತಂತಿ ಕಡಿದರೆ ಸ್ಕ್ಯಾನರ್ ತಾನೇ ಕೂಗುತ್ತದೆ. ಒದ್ದೆ ಪೆಟ್ಟಿಗೆ ಕೂಗುವುದಿಲ್ಲ.

ಪರಿಹಾರವಾಗಿ ಚೇಂಬರಿನೊಳಗೆ ಜಂಕ್ಷನ್ ಬಾಕ್ಸನ್ನೇ ತೆಗೆದುಹಾಕಲಾಯಿತು. ಸೆನ್ಸರಿನ ಸ್ವಂತ ಕೇಬಲ್ ಉದ್ದದ್ದು ತರಿಸಿ, ಜೋಡಣೆ ಪಫ್ ಪ್ಯಾನೆಲ್‌ನ ಹೊರಗೆ. ತೂತಿನ ಎರಡೂ ಬಾಯಿ ಸಿಲಿಕಾನ್‌ನಿಂದ, ನಡುವೆ ಫೋಮ್‌ನಿಂದ ಮುಚ್ಚಿದೆ. ಗ್ಲ್ಯಾಂಡಿಗೆ ಸೇರುವ ಮುಂಚೆ ಕೇಬಲ್‌ಗೆ ಕೆಳಗೆ ಒಂದು ಬಳುಕು ಕೊಟ್ಟಿದೆ, ಹನಿ ಅಲ್ಲೇ ಉದುರಲಿ ಎಂದು. ಗ್ಲ್ಯಾಂಡ್ ಪೆಟ್ಟಿಗೆಯ ತಳದಲ್ಲಿ ಮಾತ್ರ, ನೆತ್ತಿಯ ಮೇಲೆ ಎಂದೂ ಬೇಡ.

ಸೋರಿಕೆ ಪರೀಕ್ಷಿಸುವಾಗ ಕೇಬಲನ್ನು ಸ್ಕ್ಯಾನರಿನಿಂದ ಬಿಚ್ಚಿ, ತಂತಿಗಳಿಗೂ ಕೊಳವೆಯ ಲೋಹಕ್ಕೂ ನಡುವೆ 100 ವೋಲ್ಟ್ ಇನ್ಸುಲೇಷನ್ ಟೆಸ್ಟರ್ ಹಿಡಿಯಬೇಕು. 500 ವೋಲ್ಟಿನ ಮೆಗ್ಗರ್ ಹಿಡಿದರೆ ಸೆನ್ಸರ್ ಹಾಳಾಗಬಹುದು, ಸ್ಕ್ಯಾನರ್ ಸೇರಿಕೊಂಡಿದ್ದರೆ ಅದೂ.

ಅಮೋನಿಯಾ ಪ್ಲಾಂಟ್ ಎಂಬುದು ಇಲ್ಲಿ ಮರೆಯಬಾರದ ಸಂಗತಿ. ಅಮೋನಿಯಾ ತಾಮ್ರವನ್ನೂ ಹಿತ್ತಾಳೆಯನ್ನೂ ತಿನ್ನುತ್ತದೆ, ಬಿಗಿಯಾಗಿ ತಿರುಗಿಸಿದ ಹಿತ್ತಾಳೆ ಗ್ಲ್ಯಾಂಡ್ ಸೀಳು ಬಿಡುತ್ತದೆ. ಮಷೀನ್ ರೂಮಿನ ಕಡೆಯ ಗ್ಲ್ಯಾಂಡೆಲ್ಲ ನೈಲಾನ್ ಅಥವಾ ಸ್ಟೇನ್‌ಲೆಸ್ ಇರಲಿ. ಸ್ಕ್ಯಾನರ್, ಗೇಟ್‌ವೇ ಇರುವ ಪ್ಯಾನೆಲ್ ಮಷೀನ್ ರೂಮಿನಲ್ಲಿ ಬೇಡವೇ ಬೇಡ. ಇಲ್ಲಿ ಅದನ್ನು ಆಪರೇಟರ್ ಕೋಣೆಯ ಹೊರಗೋಡೆಗೆ ಕೂರಿಸಿದೆ.

ಹಂತ 3: ಆರ್‌ಎಸ್-485 ಎಳೆದದ್ದು

ಗೇಟ್‌ವೇ, ಸ್ಕ್ಯಾನರ್, ನಾಲ್ಕು ತೇವಾಂಶ ಟ್ರಾನ್ಸ್‌ಮಿಟರ್, ಎಲ್ಲ ಒಂದೇ ಜೋಡಿ ತಂತಿಯಲ್ಲಿ ಸಾಲಾಗಿ. ಮಧ್ಯದಿಂದ ಉದ್ದ ಕವಲು ತೆಗೆಯಬಾರದು. ಟ್ರಾನ್ಸ್‌ಮಿಟರ್‌ಗಳು ಕಾರ್ಖಾನೆಯಿಂದ ಬರುವಾಗ ಎಲ್ಲದರ ವಿಳಾಸವೂ 1. ಗೋಡೆಗೆ ಹಾಕಿದ ಮೇಲೆ ಬದಲಿಸಲು ಹೋದರೆ ಎಲ್ಲವೂ ಒಟ್ಟಿಗೆ ಉತ್ತರಿಸಿ ಗದ್ದಲ. ಮೇಜಿನ ಮೇಲೆ ಒಂದೊಂದನ್ನೇ ಯುಎಸ್‌ಬಿ ಕನ್ವರ್ಟರಿಗೆ ಸೇರಿಸಿ 2ರಿಂದ 5ರವರೆಗೆ ವಿಳಾಸ ಕೊಟ್ಟು, ಸ್ಟಿಕರ್ ಹಚ್ಚಿ ಆಮೇಲೆ ಮೇಲಕ್ಕೆ ಒಯ್ಯಬೇಕು. ವೇಗ 9600, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್, ಎಲ್ಲಕ್ಕೂ ಒಂದೇ.

ಮೊದಲ ಓಟದಲ್ಲಿ ಕೊನೆಯ ಎರಡು ಟ್ರಾನ್ಸ್‌ಮಿಟರ್ ಉತ್ತರಿಸಲಿಲ್ಲ. ವಿಳಾಸ ಸರಿ, ತಂತಿ ಸರಿ. ಎಲ್ಲ ಸಾಧನಗಳ ಪವರ್ ತೆಗೆದು ಜೋಡಿಯ ಎರಡು ತಂತಿಗಳಾದ ಎ ಮತ್ತು ಬಿ ನಡುವೆ ಮಲ್ಟಿಮೀಟರ್ ಇಟ್ಟರೆ 24 ಓಮ್. ಲೈನಿನ ಎರಡು ತುದಿಯಲ್ಲಿ, ಸಂಕೇತ ತಿರುಗಿ ಬರದಂತೆ ಹಾಕುವ ಎರಡು 120 ಓಮ್ ರೆಸಿಸ್ಟರ್ ಇದ್ದರೆ ಬರಬೇಕಾದ್ದು 60. ಕಾರಣ: ನಾಲ್ಕೂ ಟ್ರಾನ್ಸ್‌ಮಿಟರಿನ ಒಳಗೆ 120 ಓಮ್ ಸೇರಿಸುವ ಜಂಪರ್ (ಸಣ್ಣ ಕೊಂಡಿ) ಮೊದಲೇ ಹಾಕಿ ಬಂದಿತ್ತು, ಗೇಟ್‌ವೇಯಲ್ಲಿ ಇನ್ನೊಂದು. ಐದು ಸೇರಿ 24. ನಡುವಿನ ಮೂರರ ಜಂಪರ್ ತೆಗೆದ ಕೂಡಲೆ ಎಲ್ಲ ಉತ್ತರಿಸಿದವು. ಪವರ್ ತೆಗೆದು ಪ್ರತಿರೋಧ ಅಳೆಯುವ ಈ ಒಂದು ನಿಮಿಷದ ಪರೀಕ್ಷೆ ಎಷ್ಟೋ ಗಂಟೆ ಉಳಿಸುತ್ತದೆ.

ಆಮೇಲೂ ಆಗಾಗ ಕಸದ ಬೈಟ್ ಬರುತ್ತಿತ್ತು. ಯಾರೂ ಮಾತಾಡದ ಹೊತ್ತಿನಲ್ಲಿ ಲೈನಿನ ಮೇಲೆ ಕನಿಷ್ಠ 200 ಮಿಲಿವೋಲ್ಟ್ ವ್ಯತ್ಯಾಸ ಇರಬೇಕು, ಇದ್ದದ್ದು 30ರ ಹತ್ತಿರ. ಗೇಟ್‌ವೇ ತುದಿಯಲ್ಲಿ 5 ವೋಲ್ಟಿಗೆ ಒಂದು, ಗ್ರೌಂಡಿಗೆ ಒಂದು, ಸುಮ್ಮನಿರುವ ಲೈನನ್ನು ಒಂದೇ ಸ್ಥಿತಿಯಲ್ಲಿ ಹಿಡಿದಿಡುವ 560 ಓಮ್‌ನ ಬಯಾಸ್ ರೆಸಿಸ್ಟರ್ ಹಾಕಿದ ಮೇಲೆ 250 ಮಿಲಿವೋಲ್ಟ್ ಆಯಿತು, ಕಸ ನಿಂತಿತು. ಎ, ಬಿ ಅಕ್ಷರಗಳನ್ನು ಎಲ್ಲ ತಯಾರಕರೂ ಒಂದೇ ಅರ್ಥದಲ್ಲಿ ಬರೆಯುವುದಿಲ್ಲ. ಉತ್ತರವೇ ಬಾರದಿದ್ದರೆ ಮೊದಲು ಅದಲುಬದಲು ಮಾಡಿ ನೋಡಿ, ಅದರಿಂದ ಏನೂ ಸುಡುವುದಿಲ್ಲ.

ಕಂಡೆನ್ಸರ್ ಫ್ಯಾನಿನ ವೇಗ ಬದಲಿಸುವ ವಿಎಫ್‌ಡಿ ಸಾಧನದ ಕೇಬಲ್ ಇದ್ದ ಟ್ರೇಯಲ್ಲೇ 485 ಹಾಕಿದ್ದ ಭಾಗದಲ್ಲಿ, ಫ್ಯಾನ್ ಓಡಿದಾಗಲೆಲ್ಲ ಸಿಆರ್‌ಸಿ (ಸಂದೇಶ ಕೆಡದೆ ಬಂತೇ ಎಂದು ನೋಡುವ ಅಂಕಿ) ದೋಷ. 300 ಮಿ.ಮೀ. ದೂರ ಸರಿಸಿ, ಅಡ್ಡ ಹಾಯುವ ಕಡೆ ನೇರ ಲಂಬವಾಗಿ ದಾಟಿಸಿದ್ದಕ್ಕೆ ಸರಿಹೋಯಿತು. ಶೀಲ್ಡ್ ಅರ್ಥ್ ಮಾಡಿದ್ದು ಪ್ಯಾನೆಲ್ ತುದಿಯಲ್ಲಿ ಮಾತ್ರ.

ಹಂತ 4: ಮಾಡ್‌ಬಸ್ ರಿಜಿಸ್ಟರ್

ಮಾಡ್‌ಬಸ್ ಎಂದರೆ 485 ತಂತಿಯ ಮೇಲೆ ಸಾಧನಗಳು ಮಾತಾಡುವ ಭಾಷೆ, ರಿಜಿಸ್ಟರ್ ಎಂದರೆ ಒಂದೊಂದು ಬೆಲೆ ಕೂರುವ ಜಾಗ. ಸ್ಕ್ಯಾನರಿನ ಎಂಟು ಚಾನೆಲ್ ಓದಲು ಕಳಿಸುವ ಸಾಲು: 01 03 00 00 00 08 44 0ಸಿ. ವಿಳಾಸ 1, ಫಂಕ್ಷನ್ 3, ಸೊನ್ನೆಯಿಂದ ಶುರು, ಎಂಟು ರಿಜಿಸ್ಟರ್, ಕೊನೆಯ ಎರಡು ಸಿಆರ್‌ಸಿ. ಉತ್ತರ 21 ಬೈಟ್, 9600ರಲ್ಲಿ 22 ಮಿಲಿಸೆಕೆಂಡ್. ಮ್ಯಾನ್ಯುಯಲ್‌ನಲ್ಲಿ 40001 ಎಂದು ಬರೆದದ್ದು ತಂತಿಯ ಮೇಲೆ 0. ಕೆಲವು ಗೇಟ್‌ವೇಗಳಲ್ಲಿ 0 ಬರೆಯಬೇಕು, ಕೆಲವದರಲ್ಲಿ 1. ಒಂದು ಆಚೀಚೆಯಾದರೆ ಚಾನೆಲ್ 1ರ ಜಾಗದಲ್ಲಿ ಚಾನೆಲ್ 2 ಕಾಣುತ್ತದೆ. ಎಂಟೂ ಕಡೆ 6 ಡಿಗ್ರಿ ಇರುವಾಗ ಈ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಪ್ರತಿ ಸೆನ್ಸರನ್ನು ಒಬ್ಬರು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಬೇಕು, ಇನ್ನೊಬ್ಬರು ಫೋನಿನಲ್ಲಿ ಯಾವ ಹೆಸರು ಏರುತ್ತದೆ ನೋಡಬೇಕು. ಎಂಟಕ್ಕೂ. ಇದಕ್ಕೆ ಅಡ್ಡದಾರಿಯಿಲ್ಲ.

ಐಸ್ ಪರೀಕ್ಷೆಯಲ್ಲಿ ಸ್ಕ್ಯಾನರ್ ಪರದೆ ಮೈನಸ್ 0.2 ಎಂದರೆ ಫೋನಿನಲ್ಲಿ 6553.4 ಬಂತು. ಗೇಟ್‌ವೇ ಆ ರಿಜಿಸ್ಟರನ್ನು ಚಿಹ್ನೆಯಿಲ್ಲದ 16 ಬಿಟ್ ಎಂದು ಓದುತ್ತಿತ್ತು. ಚಿಹ್ನೆ ಸಹಿತ ಎಂದು ಬದಲಿಸಿ, ಹತ್ತರಿಂದ ಭಾಗಿಸಬೇಕು. ಸೆನ್ಸರ್ ತಂತಿ ಕಡಿದರೆ ಈ ಸ್ಕ್ಯಾನರ್ 32767 ಕೊಡುತ್ತದೆ. ಮೈನಸ್ 40ರಿಂದ 60ರ ಹೊರಗಿನ ಯಾವ ಬೆಲೆಯನ್ನೂ ತಾಪಮಾನ ಎಂದು ಎಣಿಸದೆ ‘ಸೆನ್ಸರ್ ದೋಷ’ ಎಂದು ಬೇರೆ ಕಳಿಸುವಂತೆ ಮಾಡಿದೆ. ಸರಾಸರಿಯಲ್ಲಿ ಅದು ಸೇರಲೇಬಾರದು.

ಹಂತ 5: ಸಿಮ್, ಆಂಟೆನಾ, ಗಡಿಯಾರ

ಕಾಂಕ್ರೀಟ್ ಮತ್ತು ತಗಡಿನ ನಡುವೆ, ಪ್ಯಾನೆಲ್ ಒಳಗಿನ ಚಿಕ್ಕ ಆಂಟೆನಾಗೆ ಸಿಕ್ಕ ಸಿಗ್ನಲ್ ಮೈನಸ್ 114 ಡಿಬಿಎಂ (ಸೊನ್ನೆಗೆ ಹತ್ತಿರವಾದಷ್ಟು ಬಲ ಹೆಚ್ಚು), ಸಂಪರ್ಕ ಉಳಿಯುತ್ತಲೇ ಇರಲಿಲ್ಲ. ಹೊರಗೋಡೆಯಲ್ಲಿ ನಾಲ್ಕು ಮೀಟರ್ ಎತ್ತರಕ್ಕೆ ಮೈನಸ್ 91. ಆಂಟೆನಾ ಕೇಬಲ್ ಉದ್ದ ಮಾಡುವ ಆಸೆ ಬೇಡ: ತೆಳು ಆರ್‌ಜಿ-58 ಕೇಬಲ್ 1800 ಮೆಗಾಹರ್ಟ್ಸ್‌ನಲ್ಲಿ ಮೀಟರಿಗೆ ಒಂದು ಡಿಬಿಯ ಹತ್ತಿರ ನುಂಗುತ್ತದೆ. 485 ತಂತಿ ನೂರಾರು ಮೀಟರ್ ಹೋಗಬಲ್ಲದು, ಆಂಟೆನಾ ಕೇಬಲ್ ಹೋಗಲಾರದು. ಗೇಟ್‌ವೇಯನ್ನೇ ಆಂಟೆನಾ ಹತ್ತಿರಕ್ಕೆ ಒಯ್ದು ಕೇಬಲನ್ನು ಒಂದೂವರೆ ಮೀಟರಿಗೆ ಇಳಿಸಿ, ಕನೆಕ್ಟರಿಗೆ ಸ್ವಯಂ ಬೆಸೆಯುವ ರಬ್ಬರ್ ಟೇಪ್ ಸುತ್ತಿದೆ.

ಸಾಮಾನ್ಯ ಸಿಮ್‌ಗೆ ಸಿಗುವುದು ಖಾಸಗಿ ಐಪಿ. ಹೊರಗಿನಿಂದ ಗೇಟ್‌ವೇಗೆ ನೇರ ಸಂಪರ್ಕ ಸಾಧ್ಯವಿಲ್ಲ, ಪೋರ್ಟ್ ಫಾರ್ವರ್ಡ್ ಮಾಡಲು ಕೂತರೆ ಸಮಯ ವ್ಯರ್ಥ. ಗೇಟ್‌ವೇಯೇ ಹೊರಗೆ ಕರೆ ಮಾಡಬೇಕು: ಎಂಕ್ಯೂಟಿಟಿ (ಸಣ್ಣ ಸಂದೇಶ ಕಳಿಸುವ ಪದ್ಧತಿ), ಟಿಎಲ್‌ಎಸ್ (ಗೂಢಲಿಪಿಯ ಭದ್ರತೆ) ಸಹಿತ, ಪೋರ್ಟ್ 8883. ಕೀಪ್ ಅಲೈವ್ (ಸಂಪರ್ಕ ಇನ್ನೂ ಇದೆ ಎಂದು ತಿಳಿಸುವ ಅಂತರ) 60 ಸೆಕೆಂಡ್, ಇಲ್ಲದಿದ್ದರೆ ಸುಮ್ಮನಿರುವ ಸಂಪರ್ಕವನ್ನು ಮೊಬೈಲ್ ಜಾಲ ಸದ್ದಿಲ್ಲದೆ ಕಡಿಯುತ್ತದೆ.

ಇಲ್ಲಿ ಹಾಕಿದ್ದು ಯಂತ್ರಗಳಿಗೆಂದೇ ಕೊಡುವ ಎಂ2ಎಂ ಸಿಮ್, 13 ಅಂಕಿಯ ಸಂಖ್ಯೆಯದು. ಅದರಲ್ಲಿ ಮೊದಲೇ ನಮೂದಿಸಿದ ವಿಳಾಸಗಳಿಗೆ ಮಾತ್ರ ಡೇಟಾ ಹೋಗುತ್ತದೆ. ಬ್ರೋಕರ್ (ಸಂದೇಶ ಪಡೆದು ಹಂಚುವ ಸರ್ವರ್) ವಿಳಾಸ ನಮೂದಾಗಿತ್ತು, ಆದರೂ ಟಿಎಲ್‌ಎಸ್ ಸೇರುತ್ತಿರಲಿಲ್ಲ. ದೋಷ ಇದ್ದದ್ದು ಗಡಿಯಾರದಲ್ಲಿ. ಸರಿಯಾದ ಸಮಯ ಕೊಡುವ ಎನ್‌ಟಿಪಿ ಸರ್ವರ್ ಪಟ್ಟಿಯಲ್ಲಿ ಇರಲಿಲ್ಲ, ಹಾಗಾಗಿ ಸಮಯ ಸಿಗಲಿಲ್ಲ, ಗೇಟ್‌ವೇ ತನ್ನ ಗಡಿಯಾರ ಶುರುವಾಗುವ 1970ರಲ್ಲೇ ಇತ್ತು, 1970ರಲ್ಲಿ ನಿಂತು ನೋಡಿದರೆ ಸರ್ವರಿನ ಪ್ರಮಾಣಪತ್ರ ಇನ್ನೂ ಹುಟ್ಟೇ ಇಲ್ಲ. ಬ್ರೋಕರ್ ಇರುವ ಯಂತ್ರದಲ್ಲೇ ಎನ್‌ಟಿಪಿ ಓಡಿಸಿದ್ದರಿಂದ ಒಂದೇ ವಿಳಾಸದಲ್ಲಿ ಎರಡೂ ಕೆಲಸ ಮುಗಿಯಿತು.

ಸಮಯದ ಮುದ್ರೆ ಗೇಟ್‌ವೇಯಲ್ಲೇ ಬೀಳಬೇಕು, ಸರ್ವರಿನಲ್ಲಲ್ಲ. ಸಿಗ್ನಲ್ ಹೋದ ಅವಧಿಯ ದಾಖಲೆ ಕಾರ್ಡಿನಿಂದ ಆಮೇಲೆ ಬಂದಾಗ ಅದರ ನಿಜವಾದ ಸಮಯ ಉಳಿಯುವುದು ಆಗ ಮಾತ್ರ. ಗಡಿಯಾರ ಭಾರತೀಯ ಸಮಯಕ್ಕೆ ಇಟ್ಟು ಯುಟಿಸಿ (ವಿಶ್ವ ಸಮಯ) ಎಂದು ಕಳಿಸಿದರೆ ದಾಖಲೆಗಳು ಐದೂವರೆ ಗಂಟೆ ಮುಂದಿರುತ್ತವೆ, ‘ಕಳೆದ ಒಂದು ಗಂಟೆ’ಯ ಗ್ರಾಫ್ ಖಾಲಿ ಕಾಣುತ್ತದೆ. ಡೇಟಾ ಖರ್ಚು ಚಿಂತಿಸುವಷ್ಟಿಲ್ಲ: 400 ಬೈಟ್‌ನ ಸಂದೇಶ ದಿನಕ್ಕೆ 1440, ಮೇಲಿನ ಹೊರೆ ಸೇರಿ ತಿಂಗಳಿಗೆ 30 ಎಂಬಿ ಆಸುಪಾಸು.

ಹಂತ 6: ಹಳಸಿದ ಸಂಖ್ಯೆ

ಎಲ್ಲ ಓಡುತ್ತಿರುವಾಗ ಬೇಕೆಂದೇ 485 ಕನೆಕ್ಟರ್ ಕಿತ್ತು ನೋಡಲಾಯಿತು. ಫೋನಿನಲ್ಲಿ ಏನೂ ಬದಲಾಗಲಿಲ್ಲ. 6.2, 6.2, 6.2, ನಿಮಿಷಕ್ಕೊಮ್ಮೆ ಹೊಸ ಸಮಯದೊಂದಿಗೆ. ಸ್ಕ್ಯಾನರ್ ಉತ್ತರಿಸದಿದ್ದಾಗ ಗೇಟ್‌ವೇ ಕೊನೆಯ ಸರಿ ಬೆಲೆಯನ್ನು ಹಿಡಿದಿಟ್ಟು ಅದನ್ನೇ ಕಳಿಸುತ್ತಿತ್ತು. ಕಾರ್ಖಾನೆಯ ಸೆಟ್ಟಿಂಗೇ ಹಾಗೆ. ಈ ಪರೀಕ್ಷೆ ಮಾಡದೆ ಬಿಟ್ಟುಬಂದರೆ, ಇಲಿ ಒಂದು ತಂತಿ ಕಡಿದ ದಿನ ಮಾಲೀಕರು ನೋಡುತ್ತಿರುವುದು ನಿನ್ನೆಯ ಚೇಂಬರ್.

ಬದಲಿಸಿದ್ದು ಮೂರು. ಹಳೆಯ ಬೆಲೆ ಹಿಡಿದಿಡುವ ಆಯ್ಕೆ ಬಂದ್, ಉತ್ತರ ಬಾರದಿದ್ದರೆ ಬೆಲೆಯ ಜಾಗ ಖಾಲಿ. ಪ್ರತಿ ಸಾಧನದ ದೋಷ ಎಣಿಕೆಯೂ ಸಂದೇಶದ ಜೊತೆ. ಸರ್ವರಿನಲ್ಲಿ, 15 ನಿಮಿಷ ಹೊಸ ಬೆಲೆ ಬಾರದ ಚಾನೆಲ್ ಬೂದು ಬಣ್ಣಕ್ಕೆ ತಿರುಗಿ ಎಚ್ಚರಿಕೆ ಹೋಗುತ್ತದೆ. ಗೇಟ್‌ವೇಯೇ ಸತ್ತರೆ ಎಂಕ್ಯೂಟಿಟಿಯ ‘ಲಾಸ್ಟ್ ವಿಲ್’ (ಸಂಪರ್ಕ ಕಡಿದರೆ ಹೊರಡಿಸಲೆಂದು ಮೊದಲೇ ಕೊಟ್ಟಿಟ್ಟ) ಸಂದೇಶವನ್ನು ಬ್ರೋಕರ್ ಕೀಪ್ ಅಲೈವ್‌ನ ಒಂದೂವರೆ ಪಟ್ಟು ಸಮಯಕ್ಕೆ, ಅಂದರೆ 90 ಸೆಕೆಂಡಿಗೆ ಹೊರಡಿಸುತ್ತದೆ.

ಎಚ್ಚರಿಕೆಯ ಮಿತಿ 8 ಡಿಗ್ರಿ, ಸತತ 30 ನಿಮಿಷ. ಮೊದಲು 5 ನಿಮಿಷ ಇಟ್ಟಾಗ ಹಮಾಲರು ಬಾಗಿಲು ತೆರೆದು ಚೀಲ ಸಾಗಿಸುವಾಗಲೆಲ್ಲ ಫೋನ್ ಬಡಿದುಕೊಂಡು, ಎಚ್ಚರಿಕೆಗೆ ಬೆಲೆಯೇ ಇಲ್ಲದಂತಾಯಿತು. ಗಾಳಿ ಬೇಗ ಬಿಸಿಯಾಗುತ್ತದೆ, ಚೀಲದೊಳಗಿನ ಕಾಯಿ ನಿಧಾನ, ಹಾಗಾಗಿ 30 ನಿಮಿಷದಿಂದ ಮಾಲಿಗೆ ತೊಂದರೆಯಿಲ್ಲ. ಸ್ಕ್ಯಾನರಿನ ರಿಲೇಗೆ ಒಂದು ಹೂಟರ್ ನೇರ ಸೇರಿಸಿದೆ. ಇಂಟರ್ನೆಟ್ ಇರಲಿ ಬಿಡಲಿ, ಅದು ಆಪರೇಟರನ್ನು ಎಬ್ಬಿಸುತ್ತದೆ.

ಹಂತ 7: ಕರೆಂಟ್ ಮತ್ತು ಸಿಡಿಲು

ಸ್ಕ್ಯಾನರ್, ಗೇಟ್‌ವೇ, ಟ್ರಾನ್ಸ್‌ಮಿಟರ್ ಸೇರಿ 15 ವ್ಯಾಟ್ ಒಳಗೆ. 24 ವೋಲ್ಟ್ 7 ಎಎಚ್ ಎಂದರೆ 168 ವ್ಯಾಟ್ ಅವರ್. ಅರ್ಧ ಮಾತ್ರ ಲೆಕ್ಕಕ್ಕೆ ಹಿಡಿದರೂ ಐದು ಗಂಟೆ ಮೀರುತ್ತದೆ. ಕರೆಂಟ್ ಇದೆಯೇ ಎಂದು ನೋಡುವ ತ್ರೀ ಫೇಸ್ ಮಾನಿಟರ್ ರಿಲೇಯ ಕಾಂಟ್ಯಾಕ್ಟನ್ನು ಗೇಟ್‌ವೇಯ ಮೊದಲ ಇನ್‌ಪುಟ್‌ಗೆ, ಜನರೇಟರ್ ಓಡುವ ಸಂಕೇತವನ್ನು ಎರಡನೆಯದಕ್ಕೆ ಕೊಟ್ಟಿದೆ. ಕರೆಂಟ್ ಹೋಗಿ ಎರಡು ನಿಮಿಷವಾದರೂ ಜನರೇಟರ್ ಹಿಡಿಯದಿದ್ದರೆ, ತಾಪಮಾನ ಏರುವ ಎಷ್ಟೋ ಮೊದಲೇ ಸಂದೇಶ ಹೊರಡುತ್ತದೆ. ಮಾಲೀಕರಿಗೆ ಅತಿ ಹೆಚ್ಚು ಉಪಯೋಗ ಬಿದ್ದಿರುವುದು ಈ ಎರಡು ತಂತಿ.

ಮುಂಗಾರಿಗೆ ಮುಂಚಿನ ಗುಡುಗು ಮಳೆ ಈ ಸೀಮೆಯಲ್ಲಿ ಜೋರು. 485 ಲೈನ್ ಕಟ್ಟಡದಿಂದ ಹೊರಗೆ ಹಾಯುವ ಎರಡೂ ಕಡೆ ಸರ್ಜ್ ಅರೆಸ್ಟರ್, ಆಂಟೆನಾ ಕೇಬಲ್‌ಗೆ ಒಂದು. ಅವುಗಳ ಅರ್ಥ್ ತಂತಿ ಗಿಡ್ಡ ಇರಬೇಕು, ಪ್ಯಾನೆಲ್‌ನ ಅರ್ಥ್ ಪಟ್ಟಿಗೇ ಸೇರಬೇಕು. ಬೇರೆ ಗುಂಡಿ ತೋಡಿ ಪ್ರತ್ಯೇಕ ಅರ್ಥ್ ಕೊಟ್ಟರೆ ಎರಡು ಅರ್ಥ್‌ಗಳ ನಡುವಿನ ವೋಲ್ಟೇಜಿನಿಂದ ಕರೆಂಟ್ ಸಾಧನದ ಮೂಲಕವೇ ಹರಿಯುತ್ತದೆ.

ಬಾಕಿ ಉಳಿದದ್ದು

ತೇವಾಂಶ ಟ್ರಾನ್ಸ್‌ಮಿಟರ್‌ಗಳ ಫಿಲ್ಟರಿಗೆ ಮೆಣಸಿನಕಾಯಿ ಧೂಳು ಕೂರುತ್ತಿದೆ. ಧೂಳು ಕೂತದ್ದು ನಿಧಾನ ಪ್ರತಿಕ್ರಿಯಿಸುತ್ತದೆ. ಹೊಸ ಮಾಲು ಬರುವ ಮುಂಚೆ ನಾಲ್ಕರ ಫಿಲ್ಟರ್ ಬದಲಿಸಿ, ಉಪ್ಪಿನ ಸಂತೃಪ್ತ (ಇನ್ನು ಉಪ್ಪು ಕರಗದ) ದ್ರಾವಣವಿರುವ ಮುಚ್ಚಿದ ಡಬ್ಬಿಯಲ್ಲಿ, ದ್ರಾವಣದ ಮೇಲೆ ಇಟ್ಟು ಶೇ 75 ತೋರಿಸುತ್ತವೆಯೇ ನೋಡಬೇಕಿದೆ. ಮೂರನೇ ಚೇಂಬರಿನ ಮೇಲಿನ ಸೆನ್ಸರ್ ಉಳಿದವುಗಳಿಗಿಂತ 0.4 ಡಿಗ್ರಿ ಕಡಿಮೆ ತೋರಿಸುತ್ತಿದೆ. ಕಾಯಿಲ್ ಗಾಳಿಯೋ, ಎಲ್ಲಾದರೂ ತೇವವೋ ಇನ್ನೂ ಖಚಿತವಾಗಿಲ್ಲ. ಚೇಂಬರ್ ಖಾಲಿಯಾದಾಗ ಆ ಸೆನ್ಸರನ್ನು ಬಿಚ್ಚಿ ಮತ್ತೆ ಐಸ್ ಪರೀಕ್ಷೆ, ಬಾಗಿಲ ಚೀಟಿಯ ಸಂಖ್ಯೆಯೊಂದಿಗೆ ಹೋಲಿಕೆ.